ಒಂದು ಕಾರು, ಎರಡು ಕೀಲಿ



ಈ ಸಲ ಮಾವಿನಮಿಡಿ ಉಪ್ಪಿನಕಾಯಿ ಬಗ್ಗೆ ನಾಲ್ಕು ಮಾತು ಬರೆಯೋಣವೆಂದು ಕುಳಿತಿದ್ದೆ. ಅಷ್ಟರಲ್ಲಿ ಚನ್ನಗಿರಿ ತಾಲ್ಲೂಕಿನ ಸೋದರಿಯೊಬ್ಬರ ಪತ್ರ ಬಂತು. ಹೆಸರು ಹಾಕಬೇಡಿ ಅಂತ ಕೇಳಿಕೊಂಡಿದ್ದಾರೆ, ಹಾಕುವುದಿಲ್ಲ. ಪತ್ರ ಓದಿ ಮುಗಿಸಿದ ಮೇಲೆ ಉಪ್ಪಿನಕಾಯಿ ಹದಿನೈದು ದಿನ ಕಾಯಲಿ ಅನ್ನಿಸಿತು.

ಅವರ ಸಂಗತಿ ಹೀಗಿದೆ. ನಾಲ್ಕು ಎಕರೆ ಅಡಿಕೆ ತೋಟ, ಯಜಮಾನರಿಗೆ 61 ವರ್ಷ. ಒಬ್ಬನೇ ಮಗ. ತೋಟ ಬೇಡ ಎಂದು ಐದು ವರ್ಷದ ಹಿಂದೆ ಬೆಂಗಳೂರಿಗೆ ಹೋದ. ಅಂದಿನಿಂದ ಅಪ್ಪ-ಮಗ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತರೂ ಮಾತಿಲ್ಲ. "ಸಾರು ಹಾಕು ಅಂತ ಇಬ್ಬರೂ ನನಗೇ ಹೇಳೋರು, ಒಬ್ಬರಿಗೊಬ್ಬರು ಹೇಳ್ತಿರಲಿಲ್ಲ" ಎಂದು ಬರೆದಿದ್ದಾರೆ. ಈಗ ಮಗನಿಗೆ ತಿಂಗಳಲ್ಲಿ ಹದಿನೈದು ದಿನ ಮನೆಯಿಂದಲೇ ಆಫೀಸಿನ ಕೆಲಸ ಮಾಡುವ ಅನುಕೂಲ ಸಿಕ್ಕಿದೆ. ಊರಿಗೆ ಬರುತ್ತಾನೆ. ಬಂದವನು ಅಪ್ಪನ ಜೊತೆ ಸೇರಿ ಒಂದು ಸೆಕೆಂಡ್‌ಹ್ಯಾಂಡ್ ಕಾರು ಕೊಳ್ಳುವ ಯೋಚನೆ ತೆಗೆದಿದ್ದಾನೆ. ಅದೂ ಎಂಥದ್ದು? ಉದ್ದ ಡಿಕ್ಕಿಯ, ನೆಲಕ್ಕೆ ತಗ್ಗಾದ, ಕಾಲಿಟ್ಟರೆ ಹಾರುವಂಥ ಕಾರು. ಪರ್ಫಾರ್ಮೆನ್ಸ್ ಸೆಡಾನ್ ಅಂತಾರಂತೆ. ಅಪ್ಪ 4 ಲಕ್ಷ, ಮಗ 3 ಲಕ್ಷ, ಉಳಿದ 2 ಲಕ್ಷ ಅಮ್ಮನದು. ಡೈರಿಗೆ ಹಾಲು ಹಾಕಿ ಒಂಬತ್ತು ವರ್ಷ ಕೂಡಿಟ್ಟ ದುಡ್ಡು.

"ನನಗೆ ಭಯ ಅಕ್ಕಾ. ಆದರೆ ಬೇಡ ಅಂದರೆ ಇಬ್ಬರ ಮಾತು ಮತ್ತೆ ನಿಂತುಹೋಗುತ್ತೆ. ಈಗ ರಾತ್ರಿ ಹನ್ನೊಂದರವರೆಗೂ ಫೋನಿನಲ್ಲಿ ಕಾರಿನ ಫೋಟೋ ನೋಡ್ಕೊಂಡು ನಗ್ತಾ ಇರ್ತಾರೆ. ಏನು ಹೇಳಲಿ?"

ನೋಡಿ, ಇದು ಬರೀ ಕಾರಿನ ವಿಚಾರವಲ್ಲ. ಹಾಗಂತ ಕಾರಿನ ವಿಚಾರ ಅಲ್ಲವೆಂದು ತಳ್ಳಿಹಾಕುವಂತೆಯೂ ಇಲ್ಲ. 9 ಲಕ್ಷ ರೂಪಾಯಿ ಎಂದರೆ ಒಂದು ವರ್ಷದ ಖೇಣಿ ದುಡ್ಡು ಎಷ್ಟೋ ಮನೆಗಳಲ್ಲಿ. ಆದ್ದರಿಂದ "ಹೂಂ" ಅನ್ನಬೇಕೋ "ಉಹೂಂ" ಅನ್ನಬೇಕೋ ಎನ್ನುವ ಮೊದಲು ಅವರು ಕೊಳ್ಳಲು ಹೊರಟಿರುವುದು ಏನು ಅನ್ನುವುದು ನಮಗೂ ಗೊತ್ತಿರಬೇಕು. ಅಡುಗೆಮನೆಯವರಿಗೆ ಎಂಜಿನ್ ವಿಷಯ ಯಾಕೆ ಅನ್ನಬೇಡಿ. ಕುಕ್ಕರಿನ ವಾಲ್ವು, ಮಿಕ್ಸಿಯ ಕಪ್ಲರ್, ಗ್ರೈಂಡರಿನ ಬೆಲ್ಟು ಇವನ್ನೆಲ್ಲ ನಿಭಾಯಿಸುವವರು ನಾವೇ ತಾನೆ?

ಮೊದಲಿಗೆ ಬಲದ ಲೆಕ್ಕ. 1983ರಲ್ಲಿ ಮಾರುತಿ 800 ಬಂದಾಗ ಅದರ ಎಂಜಿನ್ನಿಗೆ 40 ಅಶ್ವಶಕ್ತಿಯ ಆಸುಪಾಸು. ಅದರಲ್ಲೇ ಮದುವೆ ಮುಂಜಿ ಎಲ್ಲಾ ಮಾಡಿಬಂದೆವು. ಈ ಅಪ್ಪ-ಮಗ ನೋಡುತ್ತಿರುವ ಗಾಡಿಗಳು ನೂರು ದಾಟಿದವು. 2020ರಲ್ಲಿ ಬಂದ ಹ್ಯುಂಡೈ ವೆರ್ನಾ ಟರ್ಬೊ 120, ಅದೇ ವರ್ಷದ ಫೋಕ್ಸ್‌ವ್ಯಾಗನ್ ವೆಂಟೊ 110, ಸ್ಕೋಡಾ ಆಕ್ಟೇವಿಯಾದ 1.8 ಲೀಟರ್ ಪೆಟ್ರೋಲು ಗಾಡಿ 180. ಮಗನ ಕನಸಿನ ರಾಣಿ ಆಕ್ಟೇವಿಯಾ ಆರ್‌ಎಸ್. 2017ರಲ್ಲಿ ಬಂದದ್ದು 230 ಅಶ್ವಶಕ್ತಿ. 2020ರಲ್ಲಿ ಇನ್ನೂ ಬಿರುಸಾದದ್ದು ಬಂದು, ಇಡೀ ದೇಶಕ್ಕೆ 200 ಗಾಡಿ ಮಾತ್ರ ಕೊಟ್ಟರು. ಅದನ್ನು ಫೋಟೋದಲ್ಲೇ ನೋಡಲಿ ಬಿಡಿ. ನೆಲಕ್ಕೆ ಮಾಮೂಲಿ ಆಕ್ಟೇವಿಯಾಕ್ಕಿಂತಲೂ ತಗ್ಗು. ನಮ್ಮ ಊರುಗಳ ಬಾಗಿಲಲ್ಲಿ ಹಾಕಿರುವ ಹಂಪ್‌ಗಳಿಗೆ ಹೊಟ್ಟೆ ಉಜ್ಜಿಕೊಂಡೇ ಸವೆದುಹೋದೀತು.

ಇಷ್ಟೊಂದು ಬಲ ಯಾಕೆ? ನಾನೂ ನಮ್ಮನೆಯವರನ್ನು ಇದನ್ನೇ ಕೇಳಿದ್ದೆ. ಕೇಂದ್ರ ಸರ್ಕಾರ 2018ರಲ್ಲಿ ಗೊತ್ತುಮಾಡಿದ ಪ್ರಕಾರ ನಡುವೆ ವಿಭಜಕ ಇರುವ ನಾಲ್ಕು ಪಥದ ರಸ್ತೆಯಲ್ಲಿ ಕಾರಿಗೆ ಗರಿಷ್ಠ ವೇಗ ಗಂಟೆಗೆ 100 ಕಿಲೋಮೀಟರು, ಮಾಮೂಲಿ ರಸ್ತೆಯಲ್ಲಿ 70. ಅದಕ್ಕಿಂತ ಕಡಿಮೆ ಇಡುವ ಅಧಿಕಾರ ರಾಜ್ಯಕ್ಕಿದೆ. ಹೊನ್ನಾಳಿಯಿಂದ ಹರಿಹರಕ್ಕೋ, ಚನ್ನಗಿರಿಯಿಂದ ಸಂತೆಬೆನ್ನೂರು ಮೇಲೆ ದಾವಣಗೆರೆಗೋ ಹೋಗುವ ದಾರಿಯಲ್ಲಿ 70 ಮುಟ್ಟುವುದೇ ಎಲ್ಲಿ? ಸುಗ್ಗಿಯಲ್ಲಿ ಅರ್ಧ ರಸ್ತೆ ಮೆಕ್ಕೆಜೋಳ ಒಣಹಾಕಿರುತ್ತಾರೆ, ಕಾಳು ತುಳಿಯದಿರಲಿ ಎಂದು ಅಂಚಿಗೆ ಕಲ್ಲು ಬೇರೆ. ಸಂಜೆ ಹೊತ್ತು ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್. ಇಂಥ ದಾರಿಗೆ 180 ಕುದುರೆ ಕಟ್ಟಿದರೆ ಏನು ಪ್ರಯೋಜನ?

ಆದರೆ ನ್ಯಾಯವಾಗಿ ಒಂದು ಮಾತು ಒಪ್ಪಬೇಕು. ಬಲವಿರುವ ಗಾಡಿ ಟ್ರ್ಯಾಕ್ಟರನ್ನು ಬೇಗ ದಾಟಿ ತನ್ನ ಬದಿಗೆ ಬರುತ್ತದೆ. ಏದುಸಿರು ಬಿಡುತ್ತಾ ಎದುರುಬದಿಯಲ್ಲೇ ಓಡುತ್ತಿರುವುದಿಲ್ಲ. ಇಂಥ ಗಾಡಿಗಳಲ್ಲಿ ಬ್ರೇಕೂ ಗಟ್ಟಿ ಇರುತ್ತದೆ. ಅಪಾಯ ಇರುವುದು ಬಲದಲ್ಲಿ ಅಲ್ಲ, ಬಲ ಇದೆಯೆಂದು ತೋರಿಸುವ ಚಪಲದಲ್ಲಿ. ನಿಮ್ಮ ಮಗ ಆ ಜಾತಿಯವನೇ? ತಾಯಿಗೆ ಗೊತ್ತಿರುತ್ತದೆ. ಬೈಕಿನಲ್ಲಿ ಅವನ ಹಿಂದೆ ಕೂತಿದ್ದೀರಲ್ಲ, ಅದೇ ಪರೀಕ್ಷೆ.

ಈಗ ಒಳಗಿನ ಎರಡು ಯಂತ್ರದ ವಿಷಯ. ಇವೆರಡು ತಿಳಿದರೆ ಅರ್ಧ ತಿಳಿದ ಹಾಗೆ.

ಒಂದನೆಯದು ಟರ್ಬೊ. ಒಲೆ ಮಂಕಾದಾಗ ಊದುಗೊಳವೆಯಲ್ಲಿ ಊದುತ್ತಿದ್ದೆವಲ್ಲ, ಅದೇ ಕೆಲಸ. ಎಂಜಿನ್ನಿನಿಂದ ಹೊರಹೋಗುವ ಬಿಸಿ ಹೊಗೆಯೇ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ, ಆ ಚಕ್ರ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುತ್ತದೆ. ಗಾಳಿ ಹೆಚ್ಚಿದರೆ ಉರಿಯೂ ಹೆಚ್ಚು. ಚಿಕ್ಕ ಎಂಜಿನ್ನಿಗೆ ದೊಡ್ಡ ಬಲ ಬರುವುದು ಹೀಗೆ. ಆ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಮೇಲೆ ಸುತ್ತುತ್ತದೆ. ಅದನ್ನು ಕಾಯುವುದು ಎಂಜಿನ್ ಆಯಿಲ್ ಮಾತ್ರ. ಹಿಂದಿನ ಮಾಲೀಕ ಆಯಿಲ್ ಬದಲಿಸಲು ಸೋಮಾರಿತನ ಮಾಡಿದ್ದರೆ ಟರ್ಬೊ ಸವೆದಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಸರ್ವಿಸ್ ಪುಸ್ತಕ ಕೇಳಿ. "ಕಳೆದುಹೋಗಿದೆ ಮೇಡಂ" ಅಂದರೆ ಕಂಪನಿ ಸರ್ವಿಸ್ ಸೆಂಟರಿನಲ್ಲಿ ಗಾಡಿ ನಂಬರಿನಿಂದ ಹಳೆಯ ದಾಖಲೆ ತೆಗೆಸಿಕೊಡಲಿ. ಅದಕ್ಕೂ ಒಲ್ಲೆ ಅಂದರೆ ಮನೆಗೆ ಬನ್ನಿ.

ಎರಡನೆಯದು ಗೇರುಪೆಟ್ಟಿಗೆ. ಇಂಥ ಆಟೋಮ್ಯಾಟಿಕ್ ಗಾಡಿಗಳಲ್ಲಿ ಬಹಳಷ್ಟಕ್ಕೆ ಎರಡು ಕ್ಲಚ್ಚು ಇರುತ್ತದೆ. ಒಂದು ರೊಟ್ಟಿ ಹೆಂಚಿನ ಮೇಲೆ ಬೇಯುತ್ತಿರುವಾಗಲೇ ಮುಂದಿನದನ್ನು ತಟ್ಟಿ ಇಟ್ಟುಕೊಳ್ಳುತ್ತೇವಲ್ಲ, ಹಾಗೆ ಒಂದು ಕ್ಲಚ್ಚು ಈಗಿನ ಗೇರು ಹಿಡಿದಿದ್ದರೆ ಇನ್ನೊಂದು ಮುಂದಿನ ಗೇರನ್ನು ಸಿದ್ಧ ಮಾಡಿಕೊಂಡಿರುತ್ತದೆ. ಆದ್ದರಿಂದಲೇ ಬೆಣ್ಣೆಯ ಹಾಗೆ ಗೇರು ಬದಲಾಗುವುದು. ಇದರಲ್ಲಿ ಎಣ್ಣೆಯಲ್ಲಿ ಮುಳುಗಿರುವ ಕ್ಲಚ್ಚು ಒಂದು ಬಗೆ, ಒಣ ಕ್ಲಚ್ಚು ಇನ್ನೊಂದು. 1.8ರ ಆಕ್ಟೇವಿಯಾ, ಹಳೆಯ 1.2 ಲೀಟರ್ ವೆಂಟೊ ಇವುಗಳಲ್ಲಿ ಇರುವುದು ಒಣ ಬಗೆ. ಹೆದ್ದಾರಿಯಲ್ಲಿ ಚೆಂದ. ಬೆಂಗಳೂರಿನ ಸಿಲ್ಕ್ ಬೋರ್ಡಿನಂಥ ಕಡೆ ಇರುವೆ ಸಾಲಿನ ಹಾಗೆ ತೆವಳುವಾಗ ಕಾದುಹೋಗುತ್ತದೆ, ಬೇಗ ಸವೆಯುತ್ತದೆ. ಕೆಟ್ಟರೆ ಖರ್ಚು ಲಕ್ಷ ದಾಟುವುದುಂಟು. ಆರೇಳು ವರ್ಷ ಬೆಂಗಳೂರಿನ ಟ್ರಾಫಿಕ್ಕಿನಲ್ಲೇ ಬದುಕಿದ ಗಾಡಿಯೋ, ಹೆದ್ದಾರಿ ಕಂಡ ಗಾಡಿಯೋ ಅನ್ನುವುದು ಅದಕ್ಕೇ ಮುಖ್ಯ. ಓಡಿದ ಕಿಲೋಮೀಟರು ಕಡಿಮೆ ಇದೆ ಎಂದು ಹಿಗ್ಗಬೇಡಿ.

ಪರೀಕ್ಷೆ ಸುಲಭ. ಏರಿನಲ್ಲಿ ನಿಲ್ಲಿಸಿ ನಿಧಾನ ಹೊರಡಿಸಿ ನೋಡಲಿ. ತೀರ್ಥರಾಮೇಶ್ವರದ ಏರಿದೆಯಲ್ಲ, ನ್ಯಾಮತಿ ಕಡೆಯವರಿಗೆ ದೇವರ ದರ್ಶನವೂ ಆಯಿತು, ಗೇರಿನ ಪರೀಕ್ಷೆಯೂ ಆಯಿತು. ಹೊರಡುವಾಗ ನಡುಗಿದರೆ, ಒಂದರಿಂದ ಎರಡಕ್ಕೆ ಹೋಗುವಾಗ ಗುದ್ದಿದ ಹಾಗಾದರೆ ಕೈಮುಗಿದು ವಾಪಸ್ಸು ಕೊಡಿ. ನನ್ನನ್ನು ಕೇಳಿದರೆ ಸೆಕೆಂಡ್‌ಹ್ಯಾಂಡ್ ತೆಗೆದುಕೊಳ್ಳುವವರಿಗೆ ಕೈಯಿಂದ ಹಾಕುವ ಗೇರೇ ಒಳ್ಳೆಯದು. ಮಗ ಮುಖ ಸಿಂಡರಿಸಬಹುದು. ಅಪ್ಪನ ಮೊಣಕಾಲು ನೋವು ಅಂದರೆ ಮಾತ್ರ ಆಟೋಮ್ಯಾಟಿಕ್ ಯೋಚಿಸಿ. 2020ರ ವೆಂಟೊದಲ್ಲಿ ಎರಡು ಕ್ಲಚ್ಚಿನ ತಂಟೆಯಿಲ್ಲದ ಹಳೆಯ ಪದ್ಧತಿಯ ಆಟೋಮ್ಯಾಟಿಕ್ ಬಂತು. ಓಟ ಕೊಂಚ ಕಡಿಮೆ, ನೆಮ್ಮದಿ ಹೆಚ್ಚು.

ನಮ್ಮನೆಯ ಕಥೆ ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ. 2016ರ ಬೇಸಿಗೆಯಲ್ಲಿ ನಮ್ಮನೆಯವರೂ ಮಗನೂ ಸೇರಿ ಒಬ್ಬ ಬ್ರೋಕರ್ ಮೂಲಕ ಒಂದು ಚೆಂದದ ಕಾರು ತಂದರು. ಹೊರರಾಜ್ಯದ್ದು. ಬಣ್ಣ ಹೊಳೆಯುತ್ತಿತ್ತು, ಸೀಟಿಗೆ ಹೊಸ ಕವರು, ಒಳಗೆಲ್ಲ ಮಲ್ಲಿಗೆ ಪರಿಮಳದ ಸ್ಪ್ರೇ. ನಾನು ಆರತಿ ಎತ್ತಿದೆ, ನಿಂಬೆಹಣ್ಣು ಇಟ್ಟೆ. ಜೂನಿನಲ್ಲಿ ಮೊದಲ ಮಳೆ ಬಿತ್ತು ನೋಡಿ, ಕಾರಿನೊಳಗೆ ಕೊಳೆತ ಕೆರೆಯ ವಾಸನೆ. ಕಾರ್ಪೆಟ್ ಎತ್ತಿದರೆ ಕೆಳಗೆ ಒಣಗಿದ ಕೆಸರು. 2015ರ ಡಿಸೆಂಬರಿನಲ್ಲಿ ಚೆನ್ನೈ ಮುಳುಗಿತ್ತಲ್ಲ, ಆ ನೀರು ಕುಡಿದ ಗಾಡಿ! ಆಮೇಲೆ ಒಂದೊಂದೇ ವೈರು ಕೈಕೊಟ್ಟಿತು. 1 ಲಕ್ಷ 80 ಸಾವಿರ ಸುರಿದು ಕೊನೆಗೆ ಗುಜರಿಯ ಬೆಲೆಗೆ ಹೋಯಿತು. ಗಾಡಿಯ ಹೆಸರು ಯಾಕೆ, ತಪ್ಪು ಗಾಡಿಯದ್ದಲ್ಲ. ಮಾರಿದವನದ್ದು, ಸ್ವಲ್ಪ ನಮ್ಮದು. ಅಂದು ನನ್ನನ್ನು ಕರೆದುಕೊಂಡು ಹೋಗಿದ್ದರೆ ಆ ವಾಸನೆಯನ್ನು ನಾನು ಹಿಡಿಯುತ್ತಿದ್ದೆ ಅಂತ ಇವತ್ತಿಗೂ ಹೇಳುತ್ತಿರುತ್ತೇನೆ. ನಮ್ಮನೆಯವರು ಪೇಪರ್ ಮುಖಕ್ಕೆ ಹಿಡಿದುಕೊಳ್ಳುತ್ತಾರೆ.

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು ಕಡೆ, 2023ರ ಡಿಸೆಂಬರಿನಲ್ಲಿ ಮತ್ತೆ ಚೆನ್ನೈಯಲ್ಲಿ ಎಷ್ಟೆಷ್ಟು ದುಬಾರಿ ಕಾರು ನೀರಿನಲ್ಲಿ ನಿಂತಿದ್ದವು ಎಂದು ಟೀವಿಯಲ್ಲಿ ನೋಡಿದ್ದೀರಿ. ಅಂಥವು ಸಣ್ಣ ಊರಿಗೇ ಹೆಚ್ಚಾಗಿ ಬರುವುದು. ಆದ್ದರಿಂದ ಗಾಡಿ ನೋಡಲು ನೀವೂ ಹೋಗಿ. ಹೋಗಲೇಬೇಕು. ಕಿಟಕಿ ಮುಚ್ಚಿಸಿ ಐದು ನಿಮಿಷ ಒಳಗೆ ಕೂತು ಮೂಸಿ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಕೊನೆಯ ತುದಿ ನೋಡಿ, ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ, ಯಾರೂ ಅಲ್ಲಿಯವರೆಗೆ ತೊಳೆಯುವುದಿಲ್ಲ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿಸಿ ಅದರ ಗುಂಡಿಯಲ್ಲಿ ತುಕ್ಕು ಇದೆಯೇ ನೋಡಿ.

ಬೆಳಗ್ಗೆ ಹೋಗಿ, ಮುಂಚೆ ಹೇಳದೆ. ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ನಿಮಗಾಗಿ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಎಂದರ್ಥ. ತಣ್ಣಗಿನ ಎಂಜಿನ್ ಹೊತ್ತಿಸಿದಾಗ ಹೊಗೆ ನೀಲಿಯಾದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ಬಿಡದೆ ಬಂದು ಸಿಹಿ ವಾಸನೆ ಇದ್ದರೆ ರೇಡಿಯೇಟರಿನ ನೀರು ಎಂಜಿನ್ನಿಗೆ ಹೋಗುತ್ತಿದೆ. ಚಳಿಗಾಲದ ಬೆಳಗ್ಗೆ ಒಂದೆರಡು ನಿಮಿಷ ಆವಿ ಬರುವುದು ಬೇರೆ, ಅದಕ್ಕೆ ಹೆದರಬೇಡಿ. ಟಯರಿನ ಮೇಲೆ ನಾಲ್ಕು ಅಂಕಿ ಇರುತ್ತದೆ, ಮಸಾಲೆ ಪೊಟ್ಟಣದ ತಾರೀಖು ಓದುವ ನಮಗೆ ಇದೇನು ಕಷ್ಟ? 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. "ಹೊಸ ಟಯರು ಹಾಕ್ಸಿದೀನಿ" ಅನ್ನುವವರ ಬಾಯಿ ಅಲ್ಲೇ ಮುಚ್ಚುತ್ತದೆ.

ಇಂಥ ಓಟದ ಗಾಡಿಗೆ ಮಾತ್ರ ಕೇಳಬೇಕಾದ ಪ್ರಶ್ನೆ ಒಂದಿದೆ: "ರೀಮ್ಯಾಪ್ ಮಾಡಿಸಿದ್ದೀರಾ?" ಹುಡುಗರು ಎಂಜಿನ್ನಿನ ಕಂಪ್ಯೂಟರನ್ನು ತಿದ್ದಿಸಿ ಕಂಪನಿ ಕೊಟ್ಟದ್ದಕ್ಕಿಂತ ಹೆಚ್ಚು ಬಲ ಬರಿಸಿಕೊಂಡಿರುತ್ತಾರೆ. ಮಾರುವಾಗ ಹಳೆಯದಕ್ಕೆ ಮರಳಿಸಿ ಬಾಯಿ ಮುಚ್ಚಿಕೊಂಡಿರುತ್ತಾರೆ. ಕ್ಲಚ್ಚು, ಟರ್ಬೊ ಅಷ್ಟರಲ್ಲಿ ಬಸವಳಿದಿರುತ್ತದೆ. ಇನ್ಶೂರೆನ್ಸಿಗೆ ತಿಳಿಸದೆ ಮಾಡಿಸಿದ್ದರೆ ಅಪಘಾತದ ಹೊತ್ತಿಗೆ ತಕರಾರು ಬೇರೆ. ಸೈಲೆನ್ಸರ್ ಬದಲಿಸಿ ಗುಡುಗಿಸುವ ಗಾಡಿಯಾದರೆ ಪ್ರಶ್ನೆಯೇ ಬೇಡ, ಮುಂದಿನದು ನೋಡಿ.

ಪೆಟ್ರೋಲಿನದೂ ಒಂದು ಮಾತು. 2025ರ ಹೊತ್ತಿಗೆ ಬಂಕುಗಳಲ್ಲೆಲ್ಲ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲು ಬಂದಿದೆ. 2023ರ ಏಪ್ರಿಲ್ ಈಚೆಗೆ ತಯಾರಾದ ಗಾಡಿಗಳ ರಬ್ಬರು, ಪೈಪು ಇದಕ್ಕೆಂದೇ ಮಾಡಿದವು. ಅದಕ್ಕೆ ಮುಂಚಿನವು ಶೇಕಡಾ 10ಕ್ಕೆ ಲೆಕ್ಕ ಹಾಕಿದವು, ಮೈಲೇಜ್ ಸ್ವಲ್ಪ ಇಳಿಯುತ್ತದೆ, ಹಳೆಯ ರಬ್ಬರುಗಳ ಮೇಲೆ ಕಣ್ಣಿಟ್ಟಿರಬೇಕು. ಖರ್ಚಿನ ಲೆಕ್ಕ ಹೀಗೆ ಹಾಕಿ: ತಿಂಗಳಿಗೆ 1,000 ಕಿಲೋಮೀಟರು ಓಡಿಸಿದರೆ, ಲೀಟರಿಗೆ 18 ಕೊಡುವ ಸಣ್ಣ ಕಾರಿಗೆ 56 ಲೀಟರು, 12 ಕೊಡುವ ಈ ಬಿರುಸಿನ ಗಾಡಿಗೆ 84 ಲೀಟರು. ಲೀಟರಿಗೆ ನೂರೇ ರೂಪಾಯಿ ಹಿಡಿದರೂ ತಿಂಗಳಿಗೆ 2,800 ಹೆಚ್ಚು. ಅದು ಯಾರ ಜೇಬಿನಿಂದ ಅನ್ನುವುದು ಮೊದಲೇ ತೀರ್ಮಾನವಾಗಲಿ.

ಬಿಡಿಭಾಗದ ಸಂಗತಿಯನ್ನೂ ವಿಚಾರಿಸಿ. ಜಗಳೂರಿನಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಭಾವನಿಗೆ ಫಿಯಟ್ ಲಿನಿಯಾ ಟಿ-ಜೆಟ್ ಮೇಲೆ ಮನಸ್ಸಾಗಿತ್ತು. ಓಡಿಸಲು ಬಹಳ ಸೊಗಸು ಅಂತ ಬಲ್ಲವರು ಹೇಳುತ್ತಾರೆ, ಬೆಲೆಯೂ ಅಗ್ಗ. ಆದರೆ ಫಿಯಟ್ 2019ರಲ್ಲಿ ಇಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿತು. ಒಂದು ಸಣ್ಣ ಭಾಗಕ್ಕೂ ಕೊಯಮತ್ತೂರು, ಪುಣೆ ಅಂತ ಫೋನು ಮಾಡಬೇಕು. ಜಗಳೂರಿನಿಂದ ದಾವಣಗೆರೆಗೇ ಐವತ್ತು ಕಿಲೋಮೀಟರು, ನಡುದಾರಿಯಲ್ಲಿ ನಿಂತರೆ ಯಾರನ್ನು ಕರೆಯುವುದು? ನನ್ನ ತಂಗಿ ಒಂದೇ ಮಾತು ಹೇಳಿದಳಂತೆ: "ಸಾಮಾನು ಸಿಗದ ಮಿಕ್ಸಿ ನಾನು ತಗೊಳ್ಳಲ್ಲ, ನೀವ್ಯಾಕೆ ತಗೊಳ್ತೀರಿ?" ಅವರೀಗ ಅಪ್ಪ-ಮಗಳು ಸೇರಿ ಹಳೆಯ ಹೋಂಡಾ ಸಿಟಿ ಇಟ್ಟುಕೊಂಡಿದ್ದಾರೆ. ಟರ್ಬೊ ಇಲ್ಲ, ಆದರೂ ಕಾಲಿಟ್ಟರೆ ಓಡುತ್ತೆ ಅಂತ ಮಗಳ ಸಮಾಧಾನ.

ಹೊಸ ಪೈಕಿಯಲ್ಲಿ ಫೋಕ್ಸ್‌ವ್ಯಾಗನ್ ವರ್ಟಸ್, ಸ್ಕೋಡಾ ಸ್ಲಾವಿಯಾ ಎರಡೂ 2022ರಲ್ಲಿ ಬಂದವು. ನೆಲದಿಂದ 179 ಮಿಲಿಮೀಟರು ಎತ್ತರ, ನಮ್ಮ ಹಂಪ್‌ಗಳಿಗೆ ಪರವಾಗಿಲ್ಲ. 2023ರ ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ ಎರಡಕ್ಕೂ ಐದು ನಕ್ಷತ್ರ. ಇವುಗಳ 150 ಅಶ್ವಶಕ್ತಿಯ ಗಾಡಿ ನಿಮ್ಮ ದುಡ್ಡಿಗೆ ಸಿಗುವುದು ಕಷ್ಟ. ಚಿಕ್ಕ ಎಂಜಿನ್ನಿನದು ಅಷ್ಟಿಷ್ಟು ಸಿಕ್ಕೀತು, ಅದೂ 115 ಅಶ್ವಶಕ್ತಿಯದು. ನನ್ನ ಮನಸ್ಸು ಅದರ ಕಡೆಗೇ. ಅದು ಸಿಗದಿದ್ದರೆ ಕೈಗೇರಿನ ವೆರ್ನಾ ಅಥವಾ 2020ರ ವೆಂಟೊ ನೋಡಿ. ಆಕ್ಟೇವಿಯಾ ಮೋಹ ಬಿಡಲೇ ಆಗದಿದ್ದರೆ ಮೊದಲು ಗೇರುಪೆಟ್ಟಿಗೆಯ ಚರಿತ್ರೆ ಕಾಗದದಲ್ಲಿ ಬರಲಿ, ಆಮೇಲೆ ಮಾತು. ಅದರ ಡಿಕ್ಕಿ ಮಾತ್ರ ದೊಡ್ಡದು, 590 ಲೀಟರು. ಅಡಿಕೆ ಚೀಲ ಹಾಕಬಹುದು ಎಂದು ಯಜಮಾನರು ಈಗಾಗಲೇ ಲೆಕ್ಕ ಹಾಕಿರುತ್ತಾರೆ. ಹಾಕಿಸಬೇಡಿ. ಹಿಂಭಾಗ ಕುಸಿದರೆ ಸೈಲೆನ್ಸರ್ ಹಂಪಿಗೆ ಬಡಿಯುತ್ತದೆ. ಅಡಿಕೆಗೆ ಲಗೇಜ್ ಆಟೋ ಇದೆ.

ಕಾಗದಪತ್ರಕ್ಕೆ ಬರೋಣ. ಇದು ಬೇಸರದ ಕೆಲಸ, ಆದರೆ ಮನೆ ಉಳಿಯುವುದು ಇಲ್ಲೇ. ಆರ್‌ಸಿಯಲ್ಲಿ ಇರುವುದು ಒಬ್ಬರ ಹೆಸರು. ದುಡ್ಡು ಮೂವರು ಹಾಕಿದರೂ ಕಾನೂನಿಗೆ ಮಾಲೀಕ ಒಬ್ಬನೇ. ಆ ಹೆಸರಿನವರಿಗೆ ಜಾರಿಯಲ್ಲಿರುವ ಲೈಸೆನ್ಸ್ ಇರಬೇಕು, ಯಾಕೆಂದರೆ ಓಡಿಸುವ ಮಾಲೀಕರಿಗೆಂದು ಇರುವ 15 ಲಕ್ಷದ ಅಪಘಾತ ವಿಮೆ ಲೈಸೆನ್ಸ್ ಇಲ್ಲದವರಿಗೆ ಸಿಗುವುದಿಲ್ಲ. "ಅಮ್ಮನ ಹೆಸರಿಗೆ ಮಾಡೋಣ, ಲಕ್ಷ್ಮಿ" ಎಂದು ಯಾರಾದರೂ ಅಂದರೆ ಖುಷಿಪಡುವ ಮೊದಲು ಇದನ್ನು ನೆನೆಯಿರಿ. ಯಜಮಾನರ ಲೈಸೆನ್ಸನ್ನು ಇವತ್ತೇ ತೆಗೆದು ತಾರೀಖು ನೋಡಿ. 55 ದಾಟಿದ ಮೇಲೆ ಐದೈದು ವರ್ಷಕ್ಕೆ ನವೀಕರಣ, ಡಾಕ್ಟರ ಸರ್ಟಿಫಿಕೇಟೂ ಬೇಕು. ಕಣ್ಣಿನ ಪೊರೆ ಇದ್ದರೆ ಅದರ ನೆಪದಲ್ಲಾದರೂ ಆಪರೇಷನ್ ಆಗಲಿ. ಲೈಸೆನ್ಸ್ ಮುಗಿದವರು ಓಡಿಸಿ ಯಾರಿಗಾದರೂ ಪೆಟ್ಟಾದರೆ ಇನ್ಶೂರೆನ್ಸಿನವರು ಪರಿಹಾರ ಕೊಟ್ಟು ಆಮೇಲೆ ಮಾಲೀಕರ ಮೇಲೆ ವಸೂಲಿಗೆ ಬರಬಹುದು. ತೋಟಕ್ಕೇ ಬರುತ್ತದೆ ಅದು.

ನನ್ನ ಅಭಿಪ್ರಾಯ: ತಂದೆಯ ಹೆಸರಿಗೆ ಆರ್‌ಸಿ, ನಾಮಿನಿ ನೀವು. 2021ರಿಂದ ಆರ್‌ಸಿಯಲ್ಲಿ ನಾಮಿನಿ ಹೆಸರು ಸೇರಿಸುವುದಕ್ಕೆ ಅವಕಾಶವಿದೆ, ಬಹಳ ಜನಕ್ಕೆ ತಿಳಿದಿಲ್ಲ. ಮಗನ ಹೆಸರಿಗೇ ಆಗಲಿ ಎಂದು ಯಜಮಾನರು ಪಟ್ಟು ಹಿಡಿದರೆ ನಾನು ಅಡ್ಡ ಬರುವುದಿಲ್ಲ. ಆಗಲೂ ನಾಮಿನಿ ನೀವೇ. ನಾಳೆ ಸೊಸೆ ಬಂದಮೇಲೆ ಅವನು ಬದಲಿಸಿಕೊಳ್ಳಲಿ.

ಗಾಡಿಯ ಮೇಲೆ ಬ್ಯಾಂಕಿನ ಸಾಲ ಇದೆಯೇ, ಟ್ರಾಫಿಕ್ ದಂಡ ಬಾಕಿ ಇದೆಯೇ ಎಂಬುದು ಮಗನ ಫೋನಿನಲ್ಲೇ ಪರಿವಾಹನ್ ಎಂಬಲ್ಲಿ ಸಿಗುತ್ತದೆ. ಸಾಲ ತೀರಿದ್ದರೆ ಬ್ಯಾಂಕಿನ ಪತ್ರವೂ 35ನೇ ನಮೂನೆಯೂ ಕೈಗೆ ಬರಬೇಕು. ವರ್ಗಾವಣೆಗೆ 29 ಮತ್ತು 30ನೇ ನಮೂನೆ. ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡಿಸಲು 14 ದಿನ. ಹಳೆಯ ಮಾಲೀಕನ ನೋ ಕ್ಲೇಮ್ ರಿಯಾಯಿತಿ ಅವನ ಜೊತೆ ಹೋಗುತ್ತದೆ, ಗಾಡಿಯ ಜೊತೆ ಬರುವುದಿಲ್ಲ. ಕೆಎ-14, ಕೆಎ-16 ಎಂದರೆ ಹೆದರಬೇಡಿ, 1997ಕ್ಕೆ ಮುಂಚೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವಲ್ಲ, ನೆಂಟರೇ. ರಾಜ್ಯದೊಳಗಿನ ಗಾಡಿಗೆ ಆಜೀವ ತೆರಿಗೆ ಮತ್ತೆ ಕಟ್ಟಬೇಕಿಲ್ಲ. ದಿಲ್ಲಿಯದೋ ಕೇರಳದ್ದೋ ಆದರೆ ಇಲ್ಲಿ ಹೊಸದಾಗಿ ಕಟ್ಟಬೇಕು, ಅಗ್ಗ ಅಂದದ್ದು ಅಲ್ಲಿಗೆ ಮುಗಿಯಿತು.

ಇಬ್ಬರು ಹಂಚಿಕೊಳ್ಳುವುದು ಹೇಗೆ? ನ್ಯಾಮತಿಯ ಒಬ್ಬ ಹೆಣ್ಣುಮಗಳು ಹೋದ ವರ್ಷ ಬರೆದಿದ್ದಳು. ಶಿವಮೊಗ್ಗದಲ್ಲಿ ಟೀಚರ್, ತಾಯಿಯೂ ಅವಳೂ ಒಂದೇ ಕಾರು ಓಡಿಸುತ್ತಾರೆ. ಜಗಳವೆಲ್ಲ ಸೀಟಿನದ್ದೇ ಅಂತೆ. ತಾಯಿ ಗಿಡ್ಡ, ಸೀಟು ಮುಂದೆ ಎಳೆದಿರುತ್ತಾಳೆ, ಕನ್ನಡಿ ಆಕಾಶ ನೋಡುತ್ತಿರುತ್ತದೆ. ಪೆಟ್ರೋಲ್ ಮುಳ್ಳು ಕೆಂಪಿಗೆ ತಂದು ನಿಲ್ಲಿಸುವುದು ಮಗಳು. ಕೊನೆಗೆ ಒಂದು ಡೈರಿ ಕಾರಿನಲ್ಲೇ ಇಟ್ಟು, ಓಡಿಸಿದವರು ಕಿಲೋಮೀಟರು, ಹಾಕಿಸಿದ ಪೆಟ್ರೋಲು, ಕೇಳಿಬಂದ ಹೊಸ ಸದ್ದು ಬರೆಯುವುದು ಎಂದಾಯಿತು. ಈಗ ಆ ಡೈರಿಯಲ್ಲಿ "ಟೊಮೆಟೊ ತಾ" ಎಂದೂ ಬರೆದಿರುತ್ತದಂತೆ. ನಿಮ್ಮ ಮನೆಯಲ್ಲಿ ಗಾಡಿ ಊರಿನಲ್ಲೇ ಇರಲಿ, ಬೆಂಗಳೂರಿಗೆ ಮಗ ರೈಲಿನಲ್ಲೇ ಹೋಗಲಿ. ಅಲ್ಲಿ ನಿಲ್ಲಿಸಲು ಜಾಗವಿಲ್ಲ, ಟ್ರಾಫಿಕ್ಕಿನಲ್ಲಿ ಕ್ಲಚ್ಚೂ ಉಳಿಯುವುದಿಲ್ಲ. ಮಾರುವವರಿಂದ ಎರಡೂ ಕೀಲಿ ಕೇಳಿ ಇಸಿದುಕೊಳ್ಳಿ. ಒಂದೇ ಇದೆ ಅಂದರೆ ಬೆಲೆ ಇಳಿಸಿ, ಇಂಥ ಗಾಡಿಯ ಕೀಲಿ ಮಾಡಿಸುವುದು ಸಾವಿರಗಟ್ಟಲೆ ಖರ್ಚು.

ಇನ್ನು ನಿಮ್ಮ 2 ಲಕ್ಷ. ಸೋದರಿ, ಅದನ್ನು ಕೊಳ್ಳುವ ದಿನ ಕೊಡಬೇಡಿ. ಕೊಡುವುದಿಲ್ಲ ಎಂದಲ್ಲ. ಬಿರುಸಿನ ಹಳೆಯ ಗಾಡಿಗೆ ಮೊದಲ ವರ್ಷ ಟಯರು, ಬ್ರೇಕು, ಆಯಿಲ್, ಕ್ಲಚ್ಚು ಎಂದು ಖರ್ಚು ಬಂದೇ ಬರುತ್ತದೆ. ಅಪ್ಪ-ಮಗ ತಮ್ಮ 7 ಲಕ್ಷದೊಳಗೆ ಗಾಡಿ ನೋಡಲಿ, ಇನ್ಶೂರೆನ್ಸ್ ವರ್ಗಾವಣೆ ಎಲ್ಲ ಸೇರಿ. ನಿಮ್ಮ ಹಾಲಿನ ದುಡ್ಡು ನಿಮ್ಮ ಖಾತೆಯಲ್ಲೇ ಗಾಡಿಯ ಔಷಧಿ ದುಡ್ಡಾಗಿ ಇರಲಿ. ರಿಪೇರಿ ಬಂದಾಗ ಇಬ್ಬರೂ ಒಟ್ಟಿಗೆ ಬಂದು, ಬಿಲ್ಲು ತೋರಿಸಿ ಕೇಳಲಿ. ಒಬ್ಬರೇ ಬಂದರೆ ಕೊಡಬೇಡಿ. ವರ್ಷ ಕಳೆದು ಉಳಿದರೆ ಅದು ನಿಮ್ಮದು, ಬಳೆ ಮಾಡಿಸಿಕೊಳ್ಳಿ.

ನಿಮ್ಮ ಪತ್ರದ ಕೊನೆಯಲ್ಲಿ, ಸಹಿ ಆದಮೇಲೆ ಒಂದು ಸಾಲು ಬರೆದಿದ್ದಿರಿ. ಮದುವೆಗೆ ಮುಂಚೆ ಯಜಮಾನರಲ್ಲಿ ಒಂದು ಯೆಜ್ದಿ ರೋಡ್‌ಕಿಂಗ್ ಇತ್ತು, ಬೋರ್‌ವೆಲ್ ಕೊರೆಸಲು ಅದನ್ನು ಮಾರಿದರು, ಆಮೇಲೆ ಆ ಹೆಸರನ್ನೇ ಎತ್ತಿಲ್ಲ ಎಂದು. ನಮ್ಮ ಮೈಸೂರಿನಲ್ಲೇ ತಯಾರಾಗುತ್ತಿದ್ದ ಗಾಡಿ ಅದು. ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಆ ಬೋರಿನ ನೀರಿನಲ್ಲೇ ತೋಟ ಬೆಳೆಯಿತು, ಮಗ ಓದಿದ. ಅದು ಅವನಿಗೆ ಗೊತ್ತೇ? ನೀವು ಯಾವಾಗಲಾದರೂ ಹೇಳಿದ್ದೀರಾ? ಹೇಳಿರದಿದ್ದರೆ ಗಾಡಿ ನೋಡಲು ಹೋಗುವ ದಿನ ದಾರಿಯಲ್ಲಿ ಹೇಳಿ, ಯಜಮಾನರ ಎದುರಿಗೇ.

ಮತ್ತೆ ಅಲ್ಲಿ ಹೋದಾಗ ಹಿಂದಿನ ಸೀಟಿನಲ್ಲಿ ಸೀರೆಯುಟ್ಟೇ ಹತ್ತಿ ಇಳಿದು ನೋಡಿ. ಮೊಣಕಾಲು ಹಿಡಿಯದೆ ಏಳಲು ಆಗುತ್ತದೆಯೇ ನೋಡಿ. ಆಗದಿದ್ದರೆ ಆ ಗಾಡಿ ಬೇಡ ಎನ್ನಿ. ಯಾವುದನ್ನು ತಂದಿರಿ ಎಂದು ಬರೆಯಿರಿ, ಕಾಯುತ್ತಿರುತ್ತೇನೆ. ಮುಂದಿನ ಸಂಚಿಕೆಗೆ ಮಾವಿನಮಿಡಿ ಖಂಡಿತ. ಉಪ್ಪು ಹಾಕಿಟ್ಟ ಮಿಡಿ ಸುಕ್ಕಾಗುವ ಹೊತ್ತಿಗೆ ಸರಿಯಾಗಿ ಬರುತ್ತೇನೆ.